ಆರತಕ್ಷತೆಯಲ್ಲಿ ಹಾಡಿದರೂ ರಾಯಲ್ಟಿ ಕಟ್ಟಬೇಕಾ?

ಹಾಸನದ ಆರ್ಕೆಸ್ಟ್ರಾ: ಹದಿನಾಲ್ಕು ವರ್ಷದಿಂದ ಮದುವೆಗಳಲ್ಲಿ ಹಾಡುತ್ತಿದ್ದೇವೆ. ಮೊನ್ನೆ ಆರತಕ್ಷತೆಗೆ ಸ್ಪೀಕರ್ ಇಳಿಸುವಾಗ ಛತ್ರದ ಮ್ಯಾನೇಜರ್ ಬಂದು, ಹಾಡಿನ ಲೈಸೆನ್ಸ್ ಇಲ್ಲದಿದ್ದರೆ ಕರೆಂಟ್ ಕೊಡಲ್ಲ ಎಂದರು. ಕೀಬೋರ್ಡ್ ಹುಡುಗ ಕೈಯಲ್ಲಿ ವೈರ್ ಹಿಡಿದು ಮುಕ್ಕಾಲು ಗಂಟೆ ನಿಂತ. ಕೊನೆಗೆ ಹುಡುಗಿಯ ಅಪ್ಪ ದುಡ್ಡು ಕೊಟ್ಟರು. ರಸೀದಿ ಇಲ್ಲ. ನಾವು ಸಿಡಿ ಹಾಕುವವರಲ್ಲ, ನಾವೇ ಹಾಡುತ್ತೇವೆ. ಇದು ಸರಿಯಾ?

ವಕೀಲಮ್ಮ: ಕಟ್ಟಬೇಕಾಗಿಲ್ಲ. 1957ರ ಕಾಪಿರೈಟ್ ಕಾಯ್ದೆಯ 52(1)(ಝಡ್‌ಎ) ನೋಡಿ. ಧಾರ್ಮಿಕ ವಿಧಿಗಳಲ್ಲಿ ಹಾಡಿದರೆ, ನುಡಿಸಿದರೆ ಉಲ್ಲಂಘನೆ ಅಲ್ಲ. ಮದುವೆ ಮೆರವಣಿಗೆ, ಮದುವೆಗೆ ಸೇರಿದ ಇತರ ಸಮಾರಂಭಗಳೂ ಅದರೊಳಗೇ ಬರುತ್ತವೆ.

ಸೌಂಡ್ ಸಿಸ್ಟಮ್: "ನಾವೇ ಹಾಡುತ್ತೇವೆ" ಎಂದಿರಿ. ಪೆನ್‌ಡ್ರೈವ್‌ನಲ್ಲಿ ಟ್ರ್ಯಾಕ್ ಹಾಕಿ ಮೇಲೆ ಹಾಡುವುದಿಲ್ವಾ? ಬರೀ ಹಾಡಿದರೆ ಸಾಹಿತ್ಯ, ಸಂಗೀತದ ಹಕ್ಕು ಮಾತ್ರ. ಅದನ್ನು ಹಾಡು ಬರೆದವರ, ಸಂಗೀತ ಮಾಡಿದವರ ಪರ ರಾಯಲ್ಟಿ ವಸೂಲಿ ಮಾಡುವ ಸಂಸ್ಥೆ ಐಪಿಆರ್‌ಎಸ್ ನೋಡಿಕೊಳ್ಳುತ್ತದೆ. ರೆಕಾರ್ಡ್ ಹಾಕಿದರೆ ಧ್ವನಿಮುದ್ರಣದ ಹಕ್ಕೂ ಬಂತು, ರೆಕಾರ್ಡ್ ಕಂಪನಿಗಳ ಪರ ವಸೂಲಿ ಮಾಡುವ ಪಿಪಿಎಲ್‌ನವರು ಕೇಳುತ್ತಾರೆ. ಎರಡೂ ಬೇರೆ.

ಹಾಡು ಬರೆಯುವವ: "ಕಟ್ಟಬೇಕಾಗಿಲ್ಲ" ಎಂದು ಎಷ್ಟು ಸುಲಭವಾಗಿ ಹೇಳಿದಿರಿ ಮೇಡಂ! ಅಡುಗೆಯವರಿಗೆ, ಹೂವಿನವರಿಗೆ, ಫೋಟೊದವರಿಗೆ ಎಲ್ಲರಿಗೂ ದುಡ್ಡು. ಹಾಡು ಬರೆದವನದ್ದು ಮಾತ್ರ ಬಿಟ್ಟಿನಾ? ಕಾಯ್ದೆಯಲ್ಲಿ ಇರುವುದು ಧಾರ್ಮಿಕ ವಿಧಿ. ಆರತಕ್ಷತೆಯಲ್ಲಿ ಯಾವ ಮಂತ್ರ ಹೇಳುತ್ತಾರೆ?

ವಕೀಲಮ್ಮ: "ಸಾಮಾಜಿಕ ಸಮಾರಂಭ" ಎಂಬ ಮಾತೂ ಅಲ್ಲೇ ಇದೆ. ಪೂರ್ತಿ ಓದಿ.

ಹಾಡು ಬರೆಯುವವ: ನಮ್ಮ ಕಡೆ ಆರತಕ್ಷತೆ ಹಿಂದಿನ ದಿನ ಸಂಜೆಯೇ ನಡೆಯುತ್ತದೆ. ಆಗ ಧಾರೆಯೇ ಆಗಿರುವುದಿಲ್ಲ. ಅದು ಮದುವೆಯ ಭಾಗ ಹೇಗಾಗುತ್ತದೆ?

ಮಲೆನಾಡಿನವಳು: ಅರಿಶಿನ ಹಚ್ಚುವುದೂ, ಚಪ್ಪರ ಹಾಕುವುದೂ ಧಾರೆಗೆ ಮುಂಚೆಯೇ. ಹಾಗಾದರೆ ಅವೂ ಮದುವೆಯಲ್ವಾ? ಸುಮ್ನೆ ವಾದ ಮಾಡಬೇಡಿ.

ಸೌಂಡ್ ಸಿಸ್ಟಮ್: ಚಪ್ಪರದಲ್ಲಿ ಡಿಜೆ ಇರಲ್ಲ ತಾಯಿ. ಬೆಂಗಳೂರಲ್ಲಿ ಮದುವೆಯಾಗಿ ಹದಿನೈದು ದಿನಕ್ಕೆ ಆಫೀಸಿನವರಿಗಾಗಿ ಹೋಟೆಲಲ್ಲಿ ಪಾರ್ಟಿ ಇಡುತ್ತಾರೆ. ಅದಕ್ಕೂ ಆರತಕ್ಷತೆ ಎಂದೇ ಹೆಸರು.

ಮಲೆನಾಡಿನವಳು: ಹೋಟೆಲ್ ಮಾತು ಎತ್ತಿದ್ದು ನೀವು. ಹಾಸನದ್ದು ಛತ್ರ. ಬೀಗರ ಮನೆಯಿಂದ ದಿಬ್ಬಣ ಬಂದು ಇಳಿಯುವುದೇ ಆ ಸಂಜೆ. ಅದು ಮದುವೆಯಲ್ಲ ಎನ್ನುವವರು ನಮ್ಮ ಒಂದು ಮದುವೆಯನ್ನೂ ನೋಡಿಲ್ಲ.

ಹಾಡು ಬರೆಯುವವ: ನೋಡಿದ್ದೇನೆ. ಪ್ರತಿ ಮದುವೆಯಲ್ಲೂ ನನ್ನ ಹಾಡು ಕೇಳಿಸುತ್ತದೆ, ನನ್ನ ಕೈಗೆ ಒಂದು ರೂಪಾಯಿ ಬಂದಿಲ್ಲ. 2009ರಲ್ಲಿ ಮೂರು ಸಾವಿರ ಕೊಟ್ಟು ಸಹಿ ಹಾಕಿಸಿಕೊಂಡರು, ಮುಗಿಯಿತು. 1977ರಲ್ಲಿ ಸುಪ್ರೀಂ ಕೋರ್ಟೇ ಸಿನಿಮಾ ಹಾಡಿನ ಹಕ್ಕು ನಿರ್ಮಾಪಕನದು ಎಂದಿತ್ತು. 2012ರ ತಿದ್ದುಪಡಿ ಬಂದ ಮೇಲೆ ಥಿಯೇಟರ್ ಬಿಟ್ಟು ಬೇರೆಡೆ ಬರುವ ರಾಯಲ್ಟಿಯಲ್ಲಿ ನಮಗೂ ಸಮಪಾಲು. ಅದನ್ನು ನಾವಾಗಿ ಬರೆದುಕೊಟ್ಟರೂ ನಿರ್ಮಾಪಕನಿಗೆ ಹೋಗಲ್ಲ. ಅದಕ್ಕೂ ನೀವು ವಿನಾಯಿತಿ ಹುಡುಕುತ್ತೀರಿ.

ವಕೀಲಮ್ಮ: ನಾನು ಹುಡುಕಿದ್ದಲ್ಲ. 2023ರ ಜುಲೈಯಲ್ಲಿ ಕೇಂದ್ರವೇ ನೋಟಿಸ್ ಹೊರಡಿಸಿ, ಮದುವೆ ಸಮಾರಂಭಗಳಿಗೆ ರಾಯಲ್ಟಿ ಕೇಳಬೇಡಿ ಎಂದಿದೆ.

ಸೌಂಡ್ ಸಿಸ್ಟಮ್: ನೋಟಿಸ್ ಕಾನೂನಲ್ಲ. 2019ರ ಇಂಥದ್ದೇ ನೋಟಿಸನ್ನು 2022ರಲ್ಲಿ ಪಂಜಾಬ್-ಹರಿಯಾಣ ಹೈಕೋರ್ಟ್ ರದ್ದು ಮಾಡಿತ್ತು. ಅದನ್ನು ಯಾಕೆ ಹೇಳಲಿಲ್ಲ?

ವಕೀಲಮ್ಮ: ಹಾಸನ ಪಂಜಾಬಿನಲ್ಲಿಲ್ಲ. ಆ ನೋಟಿಸ್ ರದ್ದಾದರೂ 52ನೇ ಕಲಂ ಇನ್ನೂ ಕಾಯ್ದೆಯಲ್ಲೇ ಇದೆ.

ಹಾಡು ಬರೆಯುವವ: ಕಲಂ ಕಲಂ ಎನ್ನುತ್ತೀರಿ. ಮನೆ ಬಾಡಿಗೆ ಯಾವ ಕಲಂನಲ್ಲಿ ಕಟ್ಟಲಿ?

ಹಾಸನದ ಆರ್ಕೆಸ್ಟ್ರಾ: ಅಣ್ಣಾ, ನಿಮಗೆ ದುಡ್ಡು ಬರಬೇಕು ಎಂದೇ ನಾನೂ ಹೇಳುವುದು. ಮ್ಯಾನೇಜರ್ ಇಸ್ಕೊಂಡ ದುಡ್ಡು ನಿಮಗೆ ಬರುತ್ತಾ? ನಾವು ಯಾವ ಹಾಡು ಹಾಡುತ್ತೇವೆ ಎಂದು ಅವರು ಕೇಳಲೇ ಇಲ್ಲ. ನೀವು ಐಪಿಆರ್‌ಎಸ್ ಸದಸ್ಯರಾ?

ಹಾಡು ಬರೆಯುವವ: ಸದಸ್ಯ ಆಗಿದ್ದೇನೋ ಇಲ್ಲವೋ, ಹಕ್ಕು ನನ್ನದೇ.

ಮಲೆನಾಡಿನವಳು: ಕೇಳಿದ್ದಕ್ಕೆ ಉತ್ತರ ಕೊಡಿ.

ಹಾಡು ಬರೆಯುವವ: ನಿಮಗೆ ಯಾಕೆ ಕೊಡಬೇಕು?

ಸೌಂಡ್ ಸಿಸ್ಟಮ್: ಮ್ಯಾನೇಜರ್ ತಪ್ಪು ಮಾಡಿದ ಎಂದರೆ ಲೈಸೆನ್ಸೇ ಬೇಡ ಎಂದಾಗಲ್ಲ. ಬೇರೆ ಕಾರ್ಯಕ್ರಮಗಳಿಗೆ ಬೇಕೇ ಬೇಕು. ಟಿಕೆಟ್ ಶೋ ಮಾಡುವಾಗ ತೆಗೆದುಕೊಂಡಿದ್ದೀರಾ?

ಹಾಸನದ ಆರ್ಕೆಸ್ಟ್ರಾ: ಟಿಕೆಟ್ ಶೋ ಬಗ್ಗೆ ನಾನು ಕೇಳಿಲ್ಲ. ಭಾನುವಾರ ಚನ್ನರಾಯಪಟ್ಟಣದಲ್ಲಿ ಇನ್ನೊಂದು ಆರತಕ್ಷತೆ ಇದೆ. 2023ರ ನೋಟಿಸ್ ಪ್ರಿಂಟ್ ತೆಗೆಸಿ ಕೀಬೋರ್ಡ್ ಬ್ಯಾಗಿನಲ್ಲಿ ಇಟ್ಟಿದ್ದೇನೆ. ದುಡ್ಡು ಕೇಳಿದರೆ ಯಾವ ಸಂಸ್ಥೆ, ಯಾವ ಹಾಡಿಗೆ ಎಂದು ರಸೀದಿ ಬರೆಸಿಕೊಳ್ಳುತ್ತೇನೆ.

ವಕೀಲಮ್ಮ: ರಸೀದಿ ಕೇಳಬೇಡಿ. ಕೇಳಿದರೆ ಕಟ್ಟಬೇಕು ಎಂದು ಒಪ್ಪಿಕೊಂಡ ಹಾಗೆ.

ಹಾಡು ಬರೆಯುವವ: ರಸೀದಿ ಕೇಳಿ. ಅದರ ಫೋಟೊ ನನಗೆ ಕಳಿಸಿ.