ಒಂದೇ ಯಂತ್ರಕ್ಕೆ ಎರಡು ಸವಕಳಿ: ಯಾವುದು ಸರಿ?

ಕೇಳಿದವರು, ಬ್ಯಾಡಗಿ: ನನ್ನದು ಚಿಕ್ಕ ಖಾರದ ಪುಡಿ ಗಿರಣಿ. ಸ್ವಂತ ಹೆಸರಿನ ವ್ಯವಹಾರ, ಕಂಪನಿಯಲ್ಲ. ಕಳೆದ ನವೆಂಬರ್‌ನಲ್ಲಿ ಹೊಸ ಯಂತ್ರ ಹಾಕಿಸಿದೆ. ಜಿಎಸ್‌ಟಿ ಬಿಟ್ಟು ಬಿಲ್ 5,60,000 ರೂಪಾಯಿ, ಲಾರಿ ಬಾಡಿಗೆ 22,000, ಅಡಿಪಾಯದ ಕೆಲಸಕ್ಕೆ 18,000. ಅಲ್ಲಿಗೆ 6 ಲಕ್ಷ. ವರ್ಷದ ಸವಕಳಿ, ಅಂದರೆ ಯಂತ್ರ ಸವೆದದ್ದಕ್ಕೆ ಅದರ ಬೆಲೆಯಲ್ಲಿ ಖರ್ಚೆಂದು ಕಳೆಯುವ ಪಾಲು, 38,000 ಎನ್ನುತ್ತಾನೆ ಬಿ.ಕಾಂ. ಓದಿದ ಭಾವಮೈದುನ. ಆಡಿಟರ್ 45,000 ಬರೆದಿದ್ದಾರೆ. ಯಾರನ್ನು ನಂಬಲಿ?

ನಿವೃತ್ತ ವಾಣಿಜ್ಯ ಉಪನ್ಯಾಸಕ: ಇಬ್ಬರನ್ನೂ ನಂಬಿ. ಭಾವಮೈದುನ ಹಾಕಿದ್ದು ಸರಳ ರೇಖೆಯ ಲೆಕ್ಕ, ಅಂದರೆ ಪ್ರತಿ ವರ್ಷವೂ ಒಂದೇ ಮೊತ್ತ ಕಳೆಯುವುದು. 2013ರ ಕಂಪನಿ ಕಾಯ್ದೆ ಸಾಮಾನ್ಯ ಯಂತ್ರಕ್ಕೆ 15 ವರ್ಷ ಆಯಸ್ಸು ಹೇಳುತ್ತದೆ. ಕೊನೆಗೆ ಉಳಿಯುವ ಮೌಲ್ಯ ಶೇ 5, ಅಂದರೆ 30,000. ಉಳಿದ 5,70,000ವನ್ನು 15ರಿಂದ ಭಾಗಿಸಿದರೆ 38,000. ಮೊದಲ ವರ್ಷಕ್ಕೆ ಓಡಿದ ತಿಂಗಳುಗಳನ್ನಷ್ಟೇ ಎಣಿಸಬೇಕಿತ್ತು, ಅದನ್ನು ಮರೆತಿದ್ದಾರೆ. ನಿಮ್ಮದು ಕಂಪನಿಯಲ್ಲದ ಕಾರಣ ಆ 15 ವರ್ಷ ನಿಮಗೆ ಕಟ್ಟಳೆಯೂ ಅಲ್ಲ.

ಆಡಿಟರ್ ಹಾಕಿದ್ದು ಆದಾಯ ತೆರಿಗೆಯ ಲೆಕ್ಕ. ಅಲ್ಲಿ ಹಿಂದಿನ ಸವಕಳಿ ಕಳೆದು ಉಳಿದ ಬೆಲೆಯ ಮೇಲೆ ವರ್ಷಕ್ಕೆ ಶೇ 15. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಓಡಿದ್ದರೆ ಅದರ ಅರ್ಧ, ಶೇ 7.5. ನಿಮ್ಮದು ನವೆಂಬರ್‌ನಲ್ಲಿ ಬಂದದ್ದು, ಮಾರ್ಚ್ ಕೊನೆಗೆ 180 ದಿನ ಆಗಲಿಲ್ಲ. ಹಾಗಾಗಿ 45,000. ಮುಂದಿನ ವರ್ಷ 5,55,000ದ ಮೇಲೆ ಪೂರ್ತಿ ಶೇ 15, ಅಂದರೆ 83,250. ಆಮೇಲೆ ವರ್ಷ ವರ್ಷವೂ ಇಳಿಯುತ್ತಾ ಹೋಗುತ್ತದೆ.

ಹಿಟ್ಟಿನ ಗಿರಣಿ, ದಾವಣಗೆರೆ: ನಾನು ಎಡವಿದ್ದನ್ನು ಹೇಳುತ್ತೇನೆ. ಮೊದಲೆರಡು ವರ್ಷ ಲಾಭವೇ ಇರಲಿಲ್ಲ. ಸವಕಳಿಯನ್ನು ಕೂಡಿಟ್ಟು ಮುಂದೆ ಒಟ್ಟಿಗೆ ತೆಗೆದುಕೊಳ್ಳೋಣವೆಂದು ಬರೆಯದೆ ಬಿಟ್ಟೆ. ತೆರಿಗೆಯಲ್ಲಿ ಹಾಗೆ ನಡೆಯುವುದಿಲ್ಲ. ನಾವು ಬರೆಯಲಿ ಬಿಡಲಿ, ಆ ವರ್ಷದ ಸವಕಳಿಯನ್ನು ಯಂತ್ರದ ಬೆಲೆಯಿಂದ ಕಳೆದಾಯಿತೆಂದೇ ಲೆಕ್ಕ. ಇನ್ನೊಂದು ಮಾತು: ಯಂತ್ರದೊಳಗಿನ ಸುತ್ತಿಗೆ, ಜರಡಿ, ಬೆಲ್ಟ್ ಸವೆದು ಬದಲಿಸಿದರೆ ಅದು ರಿಪೇರಿ ಖರ್ಚು, ಯಂತ್ರದ ಬೆಲೆಗೆ ಸೇರಿಸಬೇಡಿ. ಖಾರದ ಪುಡಿಯಲ್ಲಂತೂ ಜರಡಿ ಎಷ್ಟು ದಿನ ಬಾಳುತ್ತದೆ ಎಂಬುದು ನಿಮಗೇ ಗೊತ್ತು.

ಭತ್ತ ಕೊಯ್ಯುವ ಯಂತ್ರದ ಮಾಲೀಕ, ಗಂಗಾವತಿ: ನಾನು ತೆರಿಗೆಗೆ ಒಂದು, ನನ್ನ ತಿಳಿವಳಿಕೆಗೆ ಇನ್ನೊಂದು ಲೆಕ್ಕ ಇಟ್ಟಿದ್ದೇನೆ. 22 ಲಕ್ಷದ ಯಂತ್ರ, ಗುಜರಿಗೆ 2 ಲಕ್ಷ ಬರಬಹುದು, 8,000 ಗಂಟೆ ಓಡೀತೆಂದು ಅಂದಾಜು. ಗಂಟೆಗೆ 250 ರೂಪಾಯಿ ಸವೆತ. ಬಾಡಿಗೆ ಹೇಳುವಾಗ ನೋಡುವುದು ಇದನ್ನೇ. ಸುಗ್ಗಿ ಮುಗಿದು ಶೆಡ್ಡಿನಲ್ಲಿ ನಿಂತ ಯಂತ್ರಕ್ಕೆ ಎಂಥ ಸವೆತ?

ಲೆಕ್ಕಿಗ, ಹುಬ್ಬಳ್ಳಿ: ಬ್ಯಾಡಗಿಯವರೇ, ಅಡಿಪಾಯದ 18,000ವನ್ನು ಹೇಗೆ ಕೊಟ್ಟಿರಿ? ಒಂದೇ ದಿನ ಒಬ್ಬರಿಗೇ 10,000ಕ್ಕಿಂತ ಹೆಚ್ಚು ನಗದು ಕೊಟ್ಟಿದ್ದರೆ ತೆರಿಗೆ ಲೆಕ್ಕದಲ್ಲಿ ಅದು ಯಂತ್ರದ ಬೆಲೆಗೆ ಸೇರುವುದಿಲ್ಲ.

ಕೇಳಿದವರು: ಗೌಂಡಿ ಮೇಸ್ತ್ರಿಗೆ ಸಂಜೆ ಕೈಗೇ ಎಣಿಸಿಕೊಟ್ಟೆ, ಸ್ವಾಮಿ. ಆಡಿಟರ್ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಲೆಕ್ಕಿಗ, ಹುಬ್ಬಳ್ಳಿ: ಹಾಗಿದ್ದರೆ ನಿಮ್ಮ ಲೆಕ್ಕ 5,82,000ದಿಂದ ಶುರು. ಈ ವರ್ಷದ ಸವಕಳಿ 43,650. ರಿಟರ್ನ್ಸ್ ಹೋಗುವ ಮುಂಚೆ ಅವರಿಗೊಂದು ಫೋನ್ ಮಾಡಿ.