‘ಜೋಕರ್’ಗೆ ಕನ್ನಡದಾಗ ಏನಂತ ಬರೀಬೇಕು?

ಪ್ರಶ್ನೆ: ಗೋಳಗುಮ್ಮಟ, ವಿಜಯಪುರ
ಇಂಗ್ಲಿಷ್ ಲೇಖನವೊಂದರ ಅನುವಾದ ನಡದದ. ‘ಜೋಕರ್’ ನಾಕು ಕಡೆ ಬಂದದ: ಇಸ್ಪೀಟ್ ಎಲಿ, ಮಸೂದೆಯೊಳಗಿಂದು, ಕ್ವಿಜ್ ಸುತ್ತಿಂದು, ಮತ್ತ ‘ಸಮ್ ಜೋಕರ್’ ಗೇಟಿನ ಮುಂದ ಗಾಡಿ ಹಚ್ಯಾನ ಅಂತ. ಎಲ್ಲಾ ಕಡೆ ವಿದೂಷಕ ಅಂತ ಹಾಕಿದ್ರ ನಡೀತದೇನ್ರಿ?

ಕುಂದಾನಗರಿ, ಬೆಳಗಾವಿ
ಒಂದ ಕಡೆನೂ ನಡಿಯಂಗಿಲ್ರಿ. ನಮಗ ಜೋಕರ್ ಅಂದ್ರ ಸರ್ಕಸ್ಸಿನ ಕೆಂಪು ಮೂಗಿನಾವ. ಇಂಗ್ಲಿಷಿನವರು ಅವಗ ಕ್ಲೌನ್ ಅಂತಾರ. ಅವರ ಜೋಕರ್ ಚ್ಯಾಷ್ಟಿ ಮಾಡಾವ. ಎಡವೋದು ಇಲ್ಲೇ.

‘ಸಮ್ ಜೋಕರ್’ನಾಗ ನಗಿ ಇಲ್ಲ, ಸಿಟ್ಟ ಐತಿ. “ಯಾವ ಪುಣ್ಯಾತ್ಮ ಗೇಟಿನ ಮುಂದ ಗಾಡಿ ಹಚ್ಯಾನೋ” ಅನ್ರಿ, ಮುಗೀತು. ಮಸೂದೆದು ಅಮೆರಿಕದ ಬಳಕಿ: ನೋಡಾಕ ಸಾದಾ ಇರೋ ಕಲಮೊಂದನ್ನ ಸುಮ್ನ ತೂರಿಸಿ ಕಾಯ್ದೆದ ಹಲ್ಲು ಕೀಳೋದು. “ಕಲಮಿನಾಗ ಕೊಕ್ಕಿ ಇಟ್ಟಾರ” ಅಂದ್ರ ಎಲ್ಲಾರಿಗೂ ತಿಳಿತೈತಿ. ಕ್ವಿಜ್‌ನಾಗ ತಂಡ ಒಂದು ಸುತ್ತಿಗೆ ಮೊದಲ ಜೋಕರ್ ಹಾಕಿದ್ರ ಆ ಸುತ್ತಿನ ಅಂಕ ದುಪ್ಪಟ್ಟು. ಶಬ್ದ ಹಂಗ ಬಿಡ್ರಿ, ಅರ್ಥ ಒಮ್ಮೆ ಬಿಡಿಸಿ ಹೇಳ್ರಿ ಸಾಕು.

ಹದಿಮೂರೆಲಿ, ಬಾಗಲಕೋಟೆ
ಎಲಿ ಮಾತಿಗೆ ಮೊದಲ ಆಟ ಯಾವುದು ನೋಡ್ರಿ. ಯೂಕರ್ ಅನ್ನೋ ತುರುಪಿನ ಆಟ ಇದ್ರ ಜೋಕರ್ ಎಲ್ಲಾಕಿಂತ ದೊಡ್ಡ ತುರುಪು. 1860ರ ದಶಕದಾಗ ಅಮೆರಿಕದವರು ಈ ಎಲಿ ಸೇರಿಸಿದ್ದ ಆ ಆಟಕ್ಕ. ನಮ್ಮ ರಮ್ಮಿಯೊಳಗ ಅದು ಬ್ಯಾರೆ ಎಲಿ ಬದಲಿ ನಿಲ್ಲೋದು. ಎರಡು ಕಟ್ಟು ಕಲಸಿ 13 ಎಲಿ ಹಂಚಿದ ಮ್ಯಾಲ ಒಂದು ಎಲಿ ತಿರುವಿ ಇಡತಾರ. ಇಸ್ಪೀಟ್ 7 ಬಿತ್ತಂದ್ರ ನಾಕೂ ಜಾತಿ 7 ಕಟ್ ಜೋಕರ್. ಕಳಾವರ್ 5, 6ಕ್ಕ ಆಟೀನ್ 7 ಹಚ್ಚಿದ್ರ ಸಿಕ್ವೆನ್ಸ್ (ಒಂದ ಜಾತಿ ಎಲಿ ಸಾಲು) ಆಗತೈತಿ, ಪ್ಯೂರ್ (ಬದಲಿ ಎಲಿ ಇಲ್ಲದ ಸಾಲು) ಆಗಂಗಿಲ್ಲ. ಕಳಾವರ್ 7 ಹಚ್ಚಿದ್ರ ಅದು ತನ್ನ ಜಾಗಾದಾಗ ಕುಂತಂಗ, ಪ್ಯೂರ್. ಪ್ಯೂರ್ ಇಲ್ಲದ ಶೋ ಮಾಡಿದ್ರ, ಅಂದ್ರ ಆಟ ಮುಗೀತು ಅಂತ ಎಲಿ ತೋರಿಸಿದ್ರ, 80 ಪಾಯಿಂಟ್ ಹೊಡೆತ. ಅದಕ್ಕ ‘ವಿದೂಷಕ ಎಲಿ’ ಅಂತ ಮಾತ್ರ ಬರೀಬ್ಯಾಡ್ರಿ, ಆಡಾವರು ನಗತಾರ.

ಕುಂದಾನಗರಿ
ಇನ್ನೊಂದು. ಮನಿಷ್ಯಾಗ ‘ಜೋಕರ್ ಇನ್ ದ ಪ್ಯಾಕ್’ ಅಂದಿದ್ರ “ಯಾವಾಗ ಏನ್ಮಾಡ್ತಾನೋ ಹೇಳಾಕ ಬರಂಗಿಲ್ಲ” ಅಂತ. ತಿರುಗಾ ಮುರುಗಾ ನಮ್ಮ ದೊಡ್ಡಾಟದ ಸಾರಥೀನ ಇಂಗ್ಲಿಷಿನಾಗ ಜೋಕರ್ ಮಾಡೋದೂ ತಪ್ಪು. ನಗಸತಾನ ಖರೆ, ಆದ್ರ ಬಂದ ಪಾತ್ರಗಳನ್ನ “ತಾವ್ಯಾರು?” ಅಂತ ಮಾತಾಡಿಸಿ ಆಟ ಮುಂದ ನಡಸಾವನೂ ಅವನ.

ಗೋಳಗುಮ್ಮಟ
ಕೊಕ್ಕಿ ತಗೊಂಡೆ. ಪುಣ್ಯಾತ್ಮ ಅಂತೂ ಅಳತಿಗೆ ಹೊಲದಂಗ ಕೂತದ. ಎಲಿ ಆಟ ಯೂಕರೇ ಅದ, ಈಗ ತಿದ್ದತೀನಿ.