ಗಾಜಿನ ಕ್ಯಾಬಿನೆಟ್ಟಾ, ಜಾಲರಿ ಕ್ಯಾಬಿನೆಟ್ಟಾ? ಕಲಬುರಗಿ ಬಿಸಿಲಿಗೆ ಯಾವುದು ಸರಿ?

ಬಿಸಿಲೂರಿನವ:
ಎಲ್ಲರಿಗೂ ನಮಸ್ಕಾರ. ಹೊಸ ಪಿಸಿ ಕಟ್ಟಿಸುತ್ತಿದ್ದೇನೆ. ರೈಜನ್ 7 7700 ಪ್ರೊಸೆಸರ್, ಆರ್‌ಟಿಎಕ್ಸ್ 4070 ಸೂಪರ್ ಗ್ರಾಫಿಕ್ಸ್ ಕಾರ್ಡ್. ಮದುವೆ ವಿಡಿಯೊ ಎಡಿಟಿಂಗ್ ನನ್ನ ಕೆಲಸ, ರಾತ್ರಿ ಸ್ವಲ್ಪ ಗೇಮ್. ಉಳಿದದ್ದೆಲ್ಲ ಪಕ್ಕಾ ಆಗಿದೆ, ಅವನ್ನೆಲ್ಲ ಕೂರಿಸುವ ಡಬ್ಬಿ, ಅಂದರೆ ಕ್ಯಾಬಿನೆಟ್ ಒಂದೇ ಬಾಕಿ. ಅದಕ್ಕೆ 9 ಸಾವಿರ ಇಟ್ಟಿದ್ದೇನೆ. ಊರು ಕಲಬುರಗಿ, ರೂಮಿಗೆ ಎಸಿ ಇಲ್ಲ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ಮುಟ್ಟುವುದು ಇಲ್ಲಿ ಮಾಮೂಲು. ಮುಂದೆ, ಪಕ್ಕ ಎರಡೂ ಕಡೆ ಗಾಜಿರುವ ಕ್ಯಾಬಿನೆಟ್ ಒಂದು ಮನಸ್ಸಿಗೆ ಹಿಡಿಸಿದೆ. ಗಿರಾಕಿಗಳು ಬಂದು ಕೂರುವ ರೂಮು, ನೋಡೋಕೂ ಚೆನ್ನಾಗಿರಬೇಕು. ಗೆಳೆಯ ಮಾತ್ರ ಮುಂದೆ ಜಾಲರಿ ಇರುವುದನ್ನೇ ತಗೋ ಅಂತ ಪಟ್ಟು ಹಿಡಿದಿದ್ದಾನೆ. ತಿಳಿದವರು ಹೇಳಿ.

ಜಾಲರಿ ಪಕ್ಷ:
ಗೆಳೆಯನ ಮಾತು ಕೇಳಿ. ನಿಮ್ಮ ಗ್ರಾಫಿಕ್ಸ್ ಕಾರ್ಡ್ ಒಂದೇ 220 ವ್ಯಾಟ್ ತಿನ್ನುತ್ತದೆ. ಪ್ರೊಸೆಸರ್ ಸೇರಿಸಿದರೆ ಹತ್ತಿರ ಹತ್ತಿರ 300. ತಿಂದಷ್ಟೂ ಶಾಖವಾಗಿ ಆ ಡಬ್ಬಿಯೊಳಗೇ ಬೀಳುತ್ತದೆ. ಅದು ಹೊರಗೆ ಹೋಗಬೇಕಾದರೆ ರೂಮಿನ ಗಾಳಿ ಮೊದಲು ಒಳಗೆ ಬರಬೇಕು ಅಲ್ವಾ? ಮುಂದೆ ಗಾಜು ಕೂರಿಸಿ, ಅದರ ಹಿಂದೆ ಬೆರಳು ತೂರುವಷ್ಟು ಸಂದಿಯಲ್ಲಿ ಮೂರು ಫ್ಯಾನ್ ಇಟ್ಟರೆ ಅವು ಎಳೆಯುವುದಾದರೂ ಎಲ್ಲಿಂದ?

ಕಂಪನಿಗಳಿಗೇ ಇದು ಗೊತ್ತು. ಎನ್‌ಝಡ್‌ಎಕ್ಸ್‌ಟಿಯವರ ಎಚ್510 2019ರಲ್ಲಿ ಬಂದಾಗ ಮುಂಭಾಗ ಪೂರ್ತಿ ಮುಚ್ಚಿದ ತಗಡು. 2021ರಲ್ಲಿ ಅದೇ ಕ್ಯಾಬಿನೆಟ್ಟಿಗೆ ಮುಂದೆ ತೂತಿನ ಪ್ಯಾನಲ್ ಹಾಕಿ ಎಚ್510 ಫ್ಲೋ ಅಂತ ತಂದರು. ಕೊರ್ಸೇರ್ 4000ಡಿಯೂ ಹಾಗೇ. 2020ರಲ್ಲಿ ಎರಡು ಬಗೆ ಬಂತು, ಒಂದು ಮುಚ್ಚಿದ್ದು, ಇನ್ನೊಂದು ಮುಂದೆ ತೂತಿರುವ ಏರ್‌ಫ್ಲೋ. ಒಳಗಿನ ಚೌಕಟ್ಟು ಎರಡಕ್ಕೂ ಒಂದೇ, ಬೇರೆಯಾಗಿದ್ದು ಮುಂದಿನ ಪ್ಯಾನಲ್.

ಗಾಜಿನರಮನೆ:
ಗಾಜು ಅಂದ ಕೂಡಲೇ ಉಸಿರು ಕಟ್ಟುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗಾಜಿನಲ್ಲೂ ಎರಡು ಜಾತಿ ಇದೆ. ಮಾಮೂಲಿ ಕ್ಯಾಬಿನೆಟ್ಟಿನ ಮುಂದೆ ಸುಮ್ನೆ ಗಾಜು ಅಂಟಿಸಿದ್ದು ಒಂದು. ಅದು ಕೆಟ್ಟದ್ದೇ, ಅದರಲ್ಲಿ ಎರಡು ಮಾತಿಲ್ಲ. ಇನ್ನೊಂದು, ಗಾಜಿಗಾಗಿಯೇ ಒಳಗಿನ ಜಾಗವನ್ನು ಬೇರೆ ಥರ ಜೋಡಿಸಿದ್ದು. ಲಿಯಾನ್ ಲಿಯವರ ಒ11 ಡೈನಾಮಿಕ್ 2018ರಲ್ಲಿ ಬಂತು. ಕರೆಂಟ್ ಕೊಡುವ ಪವರ್ ಸಪ್ಲೈಯನ್ನು, ಭಾಗಗಳೆಲ್ಲ ಕೂರುವ ಮದರ್‌ಬೋರ್ಡಿನ ಹಿಂದಿನ ಖಾನೆಗೆ ಕಳಿಸಿದರು. ಹಾಗಾಗಿ ತಳದಲ್ಲಿ ಮೂರು ಫ್ಯಾನಿಗೆ ಜಾಗ ಸಿಕ್ಕಿತು, ಪಕ್ಕದಲ್ಲಿ ಇನ್ನೂ ಮೂರಕ್ಕೆ. ತಳದಿಂದ ಬರುವ ಗಾಳಿ ನೇರ ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೇ ಹೊಡೆಯುತ್ತದೆ. ಕಾರ್ಡಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ದಿನಾ ಎದುರಿಗೆ ಕೂತು ನೋಡುವ ವಸ್ತು ಚೆಂದ ಇರಲಿ ಅಂತ ಬಯಸುವುದರಲ್ಲಿ ತಪ್ಪೇನಿಲ್ಲ.

ಜಾಲರಿ ಪಕ್ಷ:
ಒ11ನ ಜೋಡಣೆ ಒಳ್ಳೆಯದೇ, ಒಪ್ಪಿದೆ. ಆದರೆ ಅದರ ಜೊತೆ ಒಂದು ಫ್ಯಾನೂ ಬರುತ್ತಿರಲಿಲ್ಲ. ಆ ಮಾದರಿಯ ಕ್ಯಾಬಿನೆಟ್ ತಳದಲ್ಲಿ ಫ್ಯಾನ್ ಹಾಕದಿದ್ದರೆ ಬರೀ ಶೋಕೇಸು. ಆರು ಫ್ಯಾನ್ ಬೇರೆ ಕೊಳ್ಳಬೇಕು. 9 ಸಾವಿರದಲ್ಲಿ ಎರಡೂ ಎಲ್ಲಾಗುತ್ತದೆ? ಈ ಬಜೆಟ್ಟಿನಲ್ಲಿ ಅದರ ರೂಪ ಮಾತ್ರ ನಕಲು ಮಾಡಿದ ಕ್ಯಾಬಿನೆಟ್ಟುಗಳು ಸಿಗುತ್ತವೆ. ತಗಡು ತೆಳು, ತಳದ ಫಿಲ್ಟರ್ ದಪ್ಪ, ಕಾಲು ಗಿಡ್ಡ. ತಳದಿಂದ ಗಾಳಿ ಎಳೆಯಲು ಕಾಲು ಎತ್ತರ ಇರಲೇಬೇಕು.

ಕಡಲ ಕಿನಾರೆ:
ನಾನು ಮಂಗಳೂರಿನವಳು. ಇಬ್ಬರೂ ಧೂಳಿನ ಮಾತೇ ಎತ್ತಲಿಲ್ಲ. ಜಾಲರಿ ಅಂದರೆ ಗಾಳಿಗೆ ಬಾಗಿಲು ತೆಗೆದ ಹಾಗೆ, ಧೂಳಿಗೂ ಅದೇ ಬಾಗಿಲು. ಕಲಬುರಗಿಯಲ್ಲಿ ದಾಲ್ ಮಿಲ್ ಇವೆ, ಬೇಸಿಗೆಯಲ್ಲಿ ಕಪ್ಪು ಮಣ್ಣು ಹಾರುತ್ತದೆ. ಪ್ರಶ್ನೆ ಕೇಳಿದ ಈ ಅಣ್ಣನ ಪಿಸಿ ಆರು ತಿಂಗಳಲ್ಲಿ ಏನಾದೀತು ಅಂತ ಯೋಚಿಸಿದ್ದೀರಾ?

ಎಸ್‌ಪಿ ರೋಡ್ ಗಿರಾಕಿ:
ಒಳ್ಳೆ ಪ್ರಶ್ನೆ ಮೇಡಂ. ಮುಚ್ಚಿದ ಕ್ಯಾಬಿನೆಟ್ಟಿಗೆ ಧೂಳು ಬರುವುದಿಲ್ಲ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನಾನು ಬೆಂಗಳೂರಿನಲ್ಲಿ ಪಿಸಿ ಜೋಡಿಸಿ ಕೊಡುತ್ತೇನೆ, ಸರ್ವಿಸಿಗೆ ಬರುವುದನ್ನು ಬಿಚ್ಚಿಯೂ ನೋಡುತ್ತೇನೆ. ಮುಂದೆ ಮುಚ್ಚಿ ಹಿಂದೆ, ಮೇಲೆ ಗಾಳಿ ಹೊರಹಾಕುವ ಫ್ಯಾನ್ ಜಾಸ್ತಿ ಇದ್ದರೆ ಒಳಗೆ ಒತ್ತಡ ಕಡಿಮೆಯಾಗುತ್ತದೆ. ಆಗ ಸಿಕ್ಕ ಸಿಕ್ಕ ಸಂದಿಯಿಂದೆಲ್ಲ ಗಾಳಿ ನುಗ್ಗುತ್ತದೆ. ಹಿಂದೆ ಕಾರ್ಡ್ ಕೂರಿಸುವ ಸ್ಲಾಟ್, ಯುಎಸ್‌ಬಿ ಪೋರ್ಟಿನ ಸುತ್ತ, ಪ್ಯಾನಲ್ ಕೂಡುವ ಅಂಚು. ಅಲ್ಲೆಲ್ಲ ಫಿಲ್ಟರ್ ಎಲ್ಲಿರುತ್ತದೆ? ಅಂಥ ಪಿಸಿ ಬಿಚ್ಚಿದರೆ ಆ ಅಂಚಿನುದ್ದಕ್ಕೂ ಬೂದು ಬಣ್ಣದ ಗೆರೆ ಕೂತಿರುತ್ತದೆ.

ಅದಕ್ಕೇ ಒಳಗೆ ತರುವ ಫ್ಯಾನ್ ಜಾಸ್ತಿ, ಹೊರಗೆ ಕಳಿಸುವುದು ಕಡಿಮೆ ಇರಬೇಕು. ಮುಂದೆ ಮೂರು, ಹಿಂದೆ ಒಂದು. ಆಗ ಗಾಳಿ ಮುಂದಿನ ಜಾಲರಿಯ ಮೂಲಕವೇ ಬರುತ್ತದೆ, ಧೂಳೂ ಅಲ್ಲೇ ನಿಲ್ಲುತ್ತದೆ. ಎದುರಿಗೇ ಕಾಣುತ್ತದೆ, ಬ್ರಷ್ ಹಿಡಿದು ಉಜ್ಜಿದರೆ ಮುಗಿಯಿತು. ಬ್ಲೋವರ್ ಹಾಕುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಅದು ಜೋರಾಗಿ ತಿರುಗಿ ಬೇರಿಂಗ್ ಹಾಳಾಗದಿರಲಿ. ಇನ್ನೊಂದು, ಹಿಂದಿನ ಖಾಲಿ ಸ್ಲಾಟಿನ ತಗಡನ್ನು ಕಿತ್ತು ಬಿಡಬೇಡಿ. ಹಲ್ಲಿ, ಜಿರಳೆ ಬರುವುದು ಅಲ್ಲಿಂದಲೇ.

ಬಿಸಿಲೂರಿನವ:
ಒಂದು ಅನುಮಾನ. ರೂಮೇ 40 ಡಿಗ್ರಿ ಇದ್ದರೆ ಯಾವ ಜಾಲರಿ ಇದ್ದು ಏನು? ಬರುವುದೇ ಬಿಸಿ ಗಾಳಿ ಅಲ್ವಾ?

ಎಸ್‌ಪಿ ರೋಡ್ ಗಿರಾಕಿ:
ಬಿಸಿಯೇ ಸರ್. ಆದರೆ ಒಳಗಿನ ಚಿಪ್ ಅದಕ್ಕಿಂತ ಬಿಸಿ, ಅದಕ್ಕೇ ಕೆಲಸ ನಡೆಯುತ್ತದೆ. ಲೆಕ್ಕ ಸುಲಭ. 28 ಡಿಗ್ರಿ ರೂಮಿನಲ್ಲಿ ನಿಮ್ಮ ಕಾರ್ಡ್ 65 ತೋರಿಸಿತು ಅಂದುಕೊಳ್ಳಿ. ರೂಮಿಗಿಂತ 37 ಮೇಲೆ. ಅದೇ ಕೆಲಸ, ಅದೇ ಫ್ಯಾನ್ ವೇಗ ಇದ್ದರೆ 40 ಡಿಗ್ರಿ ರೂಮಿನಲ್ಲಿ ಹೆಚ್ಚು ಕಡಿಮೆ 77 ಆಗುತ್ತದೆ. ಇನ್ನೂ ಜಾಗ ಇದೆ. ಈಗ ಮುಂಭಾಗ ಮುಚ್ಚಿ ಒಳಗಿನ ಗಾಳಿಯೇ ರೂಮಿಗಿಂತ 10 ಡಿಗ್ರಿ ಬಿಸಿಯಾಯಿತು ಅನ್ನಿ. ಕಾರ್ಡ್ 87ಕ್ಕೆ ಹೋಗುತ್ತದೆ, ಅಥವಾ ಅದನ್ನು ತಡೆಯಲು ಫ್ಯಾನ್ ಕಿರುಚುತ್ತದೆ, ಇಲ್ಲ ವೇಗ ಇಳಿಸಿಕೊಳ್ಳುತ್ತದೆ. ನಿಮ್ಮ ರೈಜನ್‌ಗೂ 95 ಡಿಗ್ರಿ ಗಡಿ. ಬೆಂಗಳೂರಿನವನಿಗೆ ಕೆಟ್ಟ ಕ್ಯಾಬಿನೆಟ್ಟಿನಲ್ಲೂ ನಡೆದುಹೋಗುತ್ತದೆ. ನಿಮಗೆ ಆ 10 ಡಿಗ್ರಿ ಕೈಬಿಡುವ ಹಾಗೇ ಇಲ್ಲ.

ಸದ್ದಿಲ್ಲದವ:
ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಇವರದು ಎಡಿಟಿಂಗ್ ಕೆಲಸ, ಆಡಿಯೊ ಕೇಳಿ ಸರಿಮಾಡಬೇಕು. ಜಾಲರಿಯಿಂದ ಗಾಳಿ ಎಷ್ಟು ಸಲೀಸಾಗಿ ಬರುತ್ತದೋ ಸದ್ದೂ ಅಷ್ಟೇ ಸಲೀಸಾಗಿ ಹೊರಗೆ ಬರುತ್ತದೆ. ಫ್ರಾಕ್ಟಲ್‌ನವರ ಡಿಫೈನ್ ಸಾಲಿನ ಹಾಗೆ ಮುಚ್ಚಿದ ಬಾಗಿಲು, ಒಳಗೆ ಸದ್ದು ಹೀರುವ ಪದರ ಇರುವ ಕ್ಯಾಬಿನೆಟ್ಟಿಗೂ ಬೆಲೆ ಇದೆ.

ಜಾಲರಿ ಪಕ್ಷ:
ತಣ್ಣನೆ ಊರಿನಲ್ಲಿ ನಿಮ್ಮ ಮಾತು ನಿಜ. ಫ್ರಾಕ್ಟಲ್ ಸ್ವೀಡನ್ನಿನ ಕಂಪನಿ, ಅಲ್ಲಿನ ರೂಮಿಗೆ ಅದು ಸರಿ. ಇಲ್ಲಿ ಮುಚ್ಚಿದರೆ ಫ್ಯಾನ್ ಜೋರಾಗಿ ತಿರುಗಬೇಕಾಗುತ್ತದೆ, ಪದರ ಹೀರಿದ ಸದ್ದನ್ನು ಫ್ಯಾನ್ ವಾಪಸ್ ಕೊಡುತ್ತದೆ. ಸದ್ದು ಕಡಿಮೆ ಮಾಡಲು ಇನ್ನೊಂದು ದಾರಿ ದೊಡ್ಡ ಫ್ಯಾನು. ದೊಡ್ಡ ಫ್ಯಾನ್ ನಿಧಾನಕ್ಕೆ ತಿರುಗಿದರೂ ಅಷ್ಟೇ ಗಾಳಿ ತರುತ್ತದೆ. ಅದೇ ಫ್ರಾಕ್ಟಲ್ 2021ರಲ್ಲಿ ಟೊರೆಂಟ್ ತಂದಾಗ ಮುಂದೆ 180 ಮಿ.ಮೀ.ಯ ಎರಡು ಫ್ಯಾನ್ ಇಟ್ಟರು. ಲಿಯಾನ್ ಲಿ ಲ್ಯಾನ್‌ಕೂಲ್ 216ರಲ್ಲಿ 160 ಮಿ.ಮೀ.ಯವು ಎರಡು, ಹಿಂದೆ 140ರದ್ದು ಒಂದು, ಎಲ್ಲ ಡಬ್ಬಿಯಲ್ಲೇ ಬರುತ್ತವೆ.

ಗಾಜಿನರಮನೆ:
ಸರಿ, ಈ ಬಜೆಟ್ಟಿಗೆ ಮುಂದಿನ ಗಾಜು ಬಿಡಿ ಅಂತ ನಾನೂ ಹೇಳುತ್ತೇನೆ. ಆದರೆ ಜಾಲರಿ ಅಂದರೆ ಕುರೂಪ ಅಂತಲೂ ಆಗಬಾರದು. ಫ್ರಾಕ್ಟಲ್ ನಾರ್ತ್ ನೋಡಿ, 2022ರದ್ದು. ಮುಂದೆ ನಿಜವಾದ ಮರದ ಪಟ್ಟಿಗಳು, ಕಪ್ಪಿಗೆ ವಾಲ್‌ನಟ್, ಬಿಳಿಗೆ ಓಕ್. ಪಟ್ಟಿಗಳ ಸಂದಿಯಿಂದ ಗಾಳಿ ಧಾರಾಳವಾಗಿ ಬರುತ್ತದೆ. ಟೇಬಲ್ ಮೇಲೆ ಇಟ್ಟರೆ ಕಂಪ್ಯೂಟರ್ ಅನ್ನಿಸುವುದಿಲ್ಲ, ಒಳ್ಳೆ ಪೀಠೋಪಕರಣ ಅನ್ನಿಸುತ್ತದೆ. ನಿಮ್ಮ ಬಜೆಟ್ ದಾಟುತ್ತದೆ, ಗೊತ್ತು. ಮುಂದೆ ಜಾಲರಿ, ಪಕ್ಕಕ್ಕೆ ಮಾತ್ರ ಗಾಜು ಇರುವುದನ್ನು ತಗೊಳ್ಳಿ. ಪಕ್ಕದ ಗಾಜು ಗಾಳಿಗೆ ಅಡ್ಡ ಬರುವುದಿಲ್ಲ. ಒಳಗಿನ ವೈರುಗಳನ್ನು ಹಿಂದಕ್ಕೆ ಎಳೆದು ಕಟ್ಟಿಸಿ, ಒಂದೇ ಬಣ್ಣದ ದೀಪ ಇಡಿ. ಗಿರಾಕಿ ಕಣ್ಣಿಗೆ ಅದು ಸಾಕು.

ಬಿಸಿಲೂರಿನವ:
ಪಕ್ಕಕ್ಕೆ ಗಾಜು, ಮುಂದೆ ಜಾಲರಿ, ಇದು ಮನಸ್ಸಿಗೆ ಬಂತು. ಡೀಪ್‌ಕೂಲ್ ಸಿಸಿ560 ಇಲ್ಲೇ ಅಂಗಡಿಯಲ್ಲಿದೆ, ನಾಲ್ಕು ಫ್ಯಾನ್ ಜೊತೆಗೇ ಬರುತ್ತವಂತೆ. ಪ್ರೊಸೆಸರ್ ತಣ್ಣಗಿಡಲು ಅದರ ಮೇಲೆ ಕೂರಿಸುವ ಕೂಲರ್ ನಾಕ್ಚುವಾ ಎನ್‌ಎಚ್-ಡಿ15 ಹಾಕಿಸುವ ಯೋಚನೆ. ನಡೆಯುತ್ತಾ?

ಎಸ್‌ಪಿ ರೋಡ್ ಗಿರಾಕಿ:
ಕೂಲರ್ ನಡೆಯುವುದಿಲ್ಲ! ಡಿ15 ಎತ್ತರ 165 ಮಿ.ಮೀ., ಸಿಸಿ560 ಹಿಡಿಯುವುದು 163. ಆ ಎರಡು ಮಿ.ಮೀ.ಗೆ ಪಕ್ಕದ ಗಾಜು ಮುಚ್ಚುವುದೇ ಇಲ್ಲ. ಜನ ಕಾರ್ಡಿನ ಉದ್ದ ನೋಡುತ್ತಾರೆ, ಕೂಲರಿನ ಎತ್ತರ ಮರೆಯುತ್ತಾರೆ. 7700ಗೆ ಅಷ್ಟು ದೊಡ್ಡದು ಬೇಕಾಗಿಯೂ ಇಲ್ಲ. ಡೀಪ್‌ಕೂಲ್ ಎಕೆ400 155 ಮಿ.ಮೀ., ಆರಾಮಾಗಿ ಕೂರುತ್ತದೆ. ಉಳಿದ ದುಡ್ಡನ್ನು ಫೈಲ್ ಇಡುವ ವೇಗದ ಡಿಸ್ಕ್ ಎಸ್‌ಎಸ್‌ಡಿಗೆ ಹಾಕಿ, ಎಡಿಟಿಂಗಿಗೆ ಉಪಯೋಗಕ್ಕೆ ಬರುತ್ತದೆ.

ಕಡಲ ಕಿನಾರೆ:
ಅಣ್ಣಾ, ಪಿಸಿ ಇಡುವುದು ಎಲ್ಲಿ? ಕಂಪ್ಯೂಟರ್ ಟೇಬಲ್ಲಿನ ಕೆಳಗಿನ ಗೂಡಿನಲ್ಲಾದರೆ ಇಷ್ಟು ಹೊತ್ತಿನ ಚರ್ಚೆ ದಂಡ. ಆ ಗೂಡಿಗೆ ಹಿಂದೆ ಹಲಗೆ ಇರುತ್ತದೆ. ಹೊರಗೆ ಹೋದ ಬಿಸಿ ಗಾಳಿ ಅದಕ್ಕೆ ಬಡಿದು ಮತ್ತೆ ಮುಂದಿನ ಜಾಲರಿಗೇ ಬರುತ್ತದೆ.

ಬಿಸಿಲೂರಿನವ:
ಅದೇ ಗೂಡಿನಲ್ಲೇ ಇಡಬೇಕು ಅಂತಿದ್ದೆ. ಹಲಗೆ ತೆಗೆಸಿದರೆ ಸಾಕಾ?

ಎಸ್‌ಪಿ ರೋಡ್ ಗಿರಾಕಿ:
ತೆಗೆಸಿ, ಗೋಡೆಯಿಂದ ಟೇಬಲ್ಲನ್ನು ಒಂದು ಗೇಣು ಮುಂದಕ್ಕೂ ಎಳೆಯಿರಿ. ಟೇಬಲ್ ಮೇಲೆ ಜಾಗ ಇದ್ದರೆ ಅಲ್ಲೇ ಇಟ್ಟುಬಿಡುವುದು ಇನ್ನೂ ವಾಸಿ, ನೆಲದ ಧೂಳೂ ತಪ್ಪುತ್ತದೆ, ಗಾಜಿನ ಕಡೆ ಗಿರಾಕಿಗೂ ಕಾಣುತ್ತದೆ. ಜೋಡಿಸಿದ ಮೇಲೆ ಒಂದು ವಿಡಿಯೊ ಎಕ್ಸ್‌ಪೋರ್ಟಿಗೆ ಹಾಕಿ ಅರ್ಧ ಗಂಟೆ ತಾಪ ನೋಡಿ. ಆಮೇಲೆ ಮುಂದಿನ ಪ್ಯಾನಲ್ ಕಿತ್ತು ಮತ್ತೆ ನೋಡಿ. ಎರಡು ಮೂರು ಡಿಗ್ರಿ ಇಳಿದರೆ ಪರವಾಗಿಲ್ಲ. ಜಾಸ್ತಿ ಇಳಿದರೆ ಇಲ್ಲಿ ಬರೆಯಿರಿ, ಫ್ಯಾನ್ ಯಾವ ದಿಕ್ಕಿಗೆ ಕೂರಿಸಿದ್ದಾರೆ ಅಂತ ಫೋಟೊ ನೋಡಿ ಹೇಳುತ್ತೇನೆ.